ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳನ್ನು ಹೊಕ್ಕವರಿಗೆ ಊರು ಕಣ್ಣಿಗೆ ಕಾಣುವುದಕ್ಕಿಂತ ಮುಂಚೆ ಕಿವಿಗೆ ಕೇಳಿಸುತ್ತದೆ. ವಿದ್ಯುತ್ ಮಗ್ಗಗಳ ಬಡಿತಕ್ಕೆ ಹೊರಗಿನವರು ಅರೆಗಳಿಗೆಯಲ್ಲಿ ಬೇಸತ್ತು ಕಿವಿ ಮುಚ್ಚಿಕೊಂಡಾರು. ಒಳಗಿನವರಿಗೆ ಆ ಸದ್ದು ನಿಂತರೇ ನಿದ್ರೆ ಬಾರದು. ಅಲ್ಲಿಯ ಎಷ್ಟೋ ಮನೆಗಳಲ್ಲಿ ಹಿಂಭಾಗದಲ್ಲಿ ಮಗ್ಗ, ಮುಂಭಾಗದಲ್ಲಿ ಸಂಸಾರ. ಇವೆರಡರ ನಡುವಣ ಜಾಗದಲ್ಲಿ ಈಚಿನ ವರ್ಷಗಳಲ್ಲಿ ಲ್ಯಾಪ್‌ಟಾಪು ಎಂಬ ಹೊಸ ಆಳೊಂದು ಬಂದು ಸೇರಿಕೊಂಡಿದೆ.

ಅಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಯಜಮಾನರು ಹಗಲು ಅದರ ಮೇಲೆ ಸೀರೆಯ ಅಂಚು ಸೆರಗುಗಳ ವಿನ್ಯಾಸವನ್ನು ತಿದ್ದುತ್ತಾರೆ, ಸಂಜೆ ಬಿ.ಕಾಂ. ಓದುವ ಮಗಳಿಗೆ ಅದೇ ಪಾಠಶಾಲೆ. ರಾತ್ರಿ ನೂಲಿನ ಲೆಕ್ಕ. ಹೀಗೆ ಮೂರು ಪಾಳಿ ದುಡಿದರೂ ಗೊಣಗದ ಆ ಯಂತ್ರ ಒಂದು ರಾತ್ರಿ ಪರದೆಯ ಮೇಲೆ ಬಹು ವಿನಯದಿಂದ ಕೇಳಿಕೊಳ್ಳುತ್ತದೆ: ಹೊಸ ಆವೃತ್ತಿ ಸಿದ್ಧವಾಗಿದೆ, ಹಾಕಿಕೊಳ್ಳಲೇ? ಮಗಳು 'ಆಗಲಿ' ಎಂದು ಒತ್ತಿ ಮಲಗುತ್ತಾಳೆ. ಬೆಳಗಾಗುವಷ್ಟರಲ್ಲಿ ಪರದೆಯ ರೂಪವೇ ಬೇರೆಯಾಗಿದೆ. ಎಡಮೂಲೆಯಲ್ಲಿದ್ದ ಗುಂಡಿ ನಡುವಿಗೆ ಬಂದು ಕುಳಿತಿದೆ. ಅದು ದೊಡ್ಡ ಮಾತಲ್ಲ. ಆದರೆ ಎರಡು ದಿನ ಕಳೆದರೂ ಯಂತ್ರದ ಹೊಟ್ಟೆಯೊಳಗಿನ ಫ್ಯಾನು ಒಂದೇ ಸಮನೆ ಏದುಸಿರು ಬಿಡುತ್ತಿದೆ.

"ಅಪ್ಪಾ, ಇದನ್ನ ತೊಡೆ ಮೇಲೆ ಇಟ್ಕೊಳ್ಳೋ ಹಾಗೇ ಇಲ್ಲ. ಕಾದ ಹೆಂಚಾಗಿದೆ."

"ಮಗ್ಗದ ಮೋಟಾರು ಬಿಸಿಯಾಗಲ್ವೇನಮ್ಮ? ಹಾಗೇ ಇದೂನೂ."

"ಮಗ್ಗ ದುಡಿಯೋವಾಗ ಬಿಸಿಯಾಗತ್ತೆ. ಇದು ಸುಮ್ಮನೆ ಕೂತಿರೋವಾಗಲೇ ಬಿಸಿ!"

ಅಪ್ಪ ಅದನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ, ತೀರ್ಪನ್ನು ಕೊಟ್ಟೇಬಿಡುತ್ತಾನೆ: "ಸಾರ್, ಇದರ ಕಾಲ ಮುಗೀತು. ಹೊಸದು ನೋಡಿ." ಹೊಸದೆಂದರೆ, ಮುಂದಿನ ಹಾಸಿಗೆ ನೂಲು ತರಲು ಎತ್ತಿಟ್ಟ ಹಣ. ಶ್ರಾವಣ ಹತ್ತಿರವಾದಾಗ ಮಗ್ಗಕ್ಕೆ ನೂಲಿಲ್ಲದೆ ಇರುವುದಕ್ಕಿಂತ ನೇಕಾರನಿಗೆ ದೊಡ್ಡ ಕಷ್ಟ ಯಾವುದು?

ಹೊಸಕೋಟೆ, ನೆಲಮಂಗಲ, ದೇವನಹಳ್ಳಿಗಳ ಮನೆಗಳಿಗೂ ಈ ಪ್ರಸಂಗ ಅಪರಿಚಿತವಲ್ಲ. ೨೦೧೫ರ ಜುಲೈ ತಿಂಗಳಲ್ಲಿ ಬಂದ ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಗೃಹಬಳಕೆದಾರರು ಬೇಕಾದರೆ ಹೆಸರು ನೋಂದಾಯಿಸಿ ೨೦೨೬ರ ಅಕ್ಟೋಬರ್ ೧೩ರವರೆಗೆ ರಕ್ಷಣಾ ಪರಿಷ್ಕರಣೆಗಳನ್ನು ಮಾತ್ರ ಪಡೆಯಬಹುದೆಂದು ಒಂದು ಕಿಟಕಿಯನ್ನು ತೆರೆದಿಟ್ಟಿತು. ಉಳಿದವರು ೨೦೨೧ರ ಅಕ್ಟೋಬರ್ ೫ರಂದು ಹೊರಬಂದಿದ್ದ ವಿಂಡೋಸ್ ೧೧ಕ್ಕೆ ದಾಟಬೇಕಾಯಿತು. ಹೊಸ ವ್ಯವಸ್ಥೆಯೋ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಂಟೆಲ್ ಪ್ರೊಸೆಸರಾದರೆ, ಕೆಲವು ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯದೋ ಅದಕ್ಕೂ ಈಚಿನದೋ ಆಗಿರಬೇಕು, ಟಿ.ಪಿ.ಎಂ. ೨.೦ ಎಂಬ ಭದ್ರತಾ ಚಿಪ್ಪಿರಬೇಕು; ಕನಿಷ್ಠ ೪ ಗಿಗಾಬೈಟು ಸ್ಮರಣೆ ಇರಬೇಕು. ಎಂಟನೆಯ ಪೀಳಿಗೆ ಬಂದದ್ದು ೨೦೧೭ರಲ್ಲಿ. ೨೦೨೦ರಲ್ಲಿ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪುಗಳನ್ನು ಹಂಚಿದಾಗ ಎಷ್ಟೋ ಮನೆಗಳಿಗೆ ಅದೇ ಮೊದಲನೆಯ ಕಂಪ್ಯೂಟರು. ಆ ವಯಸ್ಸಿನ ಯಂತ್ರಗಳು ಈಗ ಹೊಸ್ತಿಲ ಮೇಲೆ ನಿಂತಿವೆ: ಹೊಸ ವ್ಯವಸ್ಥೆಗೆ ಸಲ್ಲಬಹುದು, ಆದರೆ ಸಲೀಸಾಗಿ ಅಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಕನ್ನಡಿಗರು ಇಂಥ ಸಂದರ್ಭಕ್ಕೆಂದೇ ಕಟ್ಟಿದಂತಿದೆ. ಇಲ್ಲಿ ಎತ್ತು ಯಾವುದು, ಎಮ್ಮೆ ಯಾವುದು ಎಂದು ಗುರುತಿಸದೆಯೇ ಬರೆಯ ಕಬ್ಬಿಣವನ್ನು ಕಾಯಿಸುವ ಜನ ಬಹಳ. ಮಗಳ ಮಾತು ಮುಕ್ಕಾಲುಪಾಲು ಸರಿಯಾಗಿತ್ತು. ತಪ್ಪಿದ್ದು ಒಂದೇ ಶಬ್ದದಲ್ಲಿ. ಯಂತ್ರ ಸುಮ್ಮನೆ ಕೂತಿರಲಿಲ್ಲ. ಸುಮ್ಮನೆ ಕೂತ ಯಂತ್ರ ಬಿಸಿಯಾಗುವುದು ಪ್ರಕೃತಿನಿಯಮಕ್ಕೇ ವಿರುದ್ಧ. ಅದು ಏನನ್ನೋ ಮಾಡುತ್ತಿತ್ತು. ಮನೆಯವರಿಗೆ ಹೇಳದೆ ಮಾಡುತ್ತಿತ್ತು.

ಹಿಟ್ಟಿನ ಗಿರಣಿ ವಿದ್ಯುತ್ತನ್ನು ತಿಂದು ಹಿಟ್ಟನ್ನೂ ಕೊಡುತ್ತದೆ, ಬಿಸಿಯನ್ನೂ ಕೊಡುತ್ತದೆ. ಮಗ್ಗ ಬಟ್ಟೆಯನ್ನೂ ಬಿಸಿಯನ್ನೂ ಕೊಡುತ್ತದೆ. ಕಂಪ್ಯೂಟರಿನ ಸಂಗತಿ ವಿಚಿತ್ರ. ಅದು ಕೊಡುವ ಲೆಕ್ಕಕ್ಕೆ, ಚಿತ್ರಕ್ಕೆ, ಅಕ್ಷರಕ್ಕೆ ತೂಕವಿಲ್ಲ. ಪರದೆಯ ಬೆಳಕಾಗಿಯೂ ಧ್ವನಿಯಾಗಿಯೂ ಹೊರಬೀಳುವ ಅಲ್ಪಭಾಗವೊಂದನ್ನು ಬಿಟ್ಟರೆ ಅದು ಕುಡಿದ ವಿದ್ಯುತ್ತೆಲ್ಲವೂ ಶಾಖವಾಗಿಯೇ ಮುಗಿಯುತ್ತದೆ. ೧೯೪೬ರಲ್ಲಿ ಅಮೆರಿಕದಲ್ಲಿ ಲೋಕಾರ್ಪಣೆಯಾದ ಎನಿಯಾಕ್ ಯಂತ್ರಕ್ಕೆ ಸುಮಾರು ಹದಿನೆಂಟು ಸಾವಿರ ವಾಲ್ವುಗಳಿದ್ದು, ಅದು ೧೫೦ ಕಿಲೋವಾಟು ವಿದ್ಯುತ್ತನ್ನು ಹೀರುತ್ತಿತ್ತು. ಅಷ್ಟೂ ಕಾವನ್ನು ಕೋಣೆಯಿಂದ ಹೊರಹಾಕಲು ದೊಡ್ಡ ದೊಡ್ಡ ಬೀಸಣಿಗೆಗಳು ಬೇಕಾಗಿದ್ದವು. ಇಂದಿನ ಸಾಧಾರಣ ಲ್ಯಾಪ್‌ಟಾಪು ವಿರಾಮದಲ್ಲಿದ್ದಾಗ ಐದರಿಂದ ಹತ್ತು ವಾಟಿನಷ್ಟನ್ನೂ, ಮೈಮುರಿದು ದುಡಿಯುವಾಗ ಮೂವತ್ತರಿಂದ ನಲವತ್ತೈದು ವಾಟಿನಷ್ಟನ್ನೂ ಬಳಸುತ್ತದೆ. ಹಳೆಯ ಕಾಲದ ನಲವತ್ತು ವಾಟಿನ ಬಲ್ಬನ್ನು ಉರಿಯುವಾಗ ಬರಿಗೈಯಲ್ಲಿ ಹಿಡಿದವರಿಗೆ ಆ ಅಂಕಿಯ ಅರ್ಥ ಬೇರೆ ಹೇಳಬೇಕಿಲ್ಲ. ಆ ಕಾವನ್ನೆಲ್ಲ ಒಂದು ತೆಳ್ಳನೆಯ ಪುಸ್ತಕದಷ್ಟು ಜಾಗದಲ್ಲಿ ಬಂಧಿಸಿ ತೊಡೆಯ ಮೇಲಿಟ್ಟುಕೊಂಡರೆ ಹೇಗಿರಬೇಕು!

ಐದು ವಾಟಿಗೂ ನಲವತ್ತು ವಾಟಿಗೂ ನಡುವಣ ಅಂತರಕ್ಕೆ ಹೆಸರೊಂದಿದೆ: ನಿದ್ರೆ. ಲ್ಯಾಪ್‌ಟಾಪಿನ ಪ್ರೊಸೆಸರು ಅತ್ಯಂತ ನಿದ್ರಾಪ್ರಿಯವಾದ ಪ್ರಾಣಿ. ಒಂದು ಅಕ್ಷರವನ್ನು ಒತ್ತಿ ಇನ್ನೊಂದನ್ನು ಒತ್ತುವಷ್ಟರಲ್ಲಿ ಅದು ಹಲವು ಬಾರಿ ಎದ್ದು ಹಲವು ಬಾರಿ ಮಲಗಿರುತ್ತದೆ. ಅದು ತಣ್ಣಗಿರುವುದು ಈ ಕೋಳಿನಿದ್ದೆಗಳ ಕೃಪೆಯಿಂದ. ಎಲ್ಲಿಂದಲೋ ಒಂದು ಸಣ್ಣ ಕೆಲಸ ಬಂದು ಅದನ್ನು ಮತ್ತೆ ಮತ್ತೆ ತಟ್ಟಿ ಎಬ್ಬಿಸುತ್ತಿದ್ದರೆ, ಹೊರಗಿನಿಂದ ನೋಡುವವರಿಗೆ ಪರದೆಯ ಮೇಲೆ ಏನೂ ನಡೆಯುತ್ತಿಲ್ಲವೆಂದು ತೋರಿದರೂ, ಒಳಗೆ ಒಲೆ ಉರಿಯುತ್ತಲೇ ಇರುತ್ತದೆ. ಮೇಲಾಗಿ ಅವಸರಕ್ಕೆ ದಂಡ ತೆರಬೇಕು. ಪ್ರೊಸೆಸರು ವೇಗ ಹೆಚ್ಚಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ವಿದ್ಯುತ್ತಿನ ಒತ್ತಡವನ್ನೂ ಹೆಚ್ಚಿಸಿಕೊಳ್ಳಬೇಕು. ಖರ್ಚು ವೇಗದೊಡನೆ ನೇರವಾಗಿಯೂ, ಒತ್ತಡದ ವರ್ಗದಂತೆಯೂ ಏರುತ್ತದೆ. ಎರಡೂ ನೂರಕ್ಕೆ ಇಪ್ಪತ್ತು ಏರಿದವೆಂದರೆ ಖರ್ಚು ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಏರಿದಂತಾಯಿತು. ಇಪ್ಪತ್ತು ಪಾಲು ಲಾಭಕ್ಕೆ ಎಪ್ಪತ್ತು ಪಾಲು ಬಂಡವಾಳ. ಯಾವ ಸಾಹುಕಾರ ಒಪ್ಪಿಯಾನು? ಪ್ರೊಸೆಸರು ಒಪ್ಪುತ್ತದೆ.

ಹಾಗಾದರೆ ವ್ಯವಸ್ಥೆ ಬದಲಾದೊಡನೆ ಈ ನಿದ್ರೆಯನ್ನು ಕೆಡಿಸಿದವರಾರು?

ಮೊದಲನೆಯ ಅಪರಾಧಿ ನಿಜಕ್ಕೂ ಅಪರಾಧಿಯೇ ಅಲ್ಲ. ಹೊಸ ಮನೆಗೆ ಬಂದ ಗೃಹಿಣಿ ಮೊದಲ ವಾರ ಡಬ್ಬಗಳನ್ನೆಲ್ಲ ಇಳಿಸಿ, ಬೇಳೆ ಎಲ್ಲಿ ಮೆಣಸು ಎಲ್ಲಿ ಎಂದು ಗೊತ್ತುಮಾಡಿಕೊಳ್ಳುವುದಿಲ್ಲವೆ? ಹೊಸ ವ್ಯವಸ್ಥೆಯೂ ಹಾಗೆಯೇ. ಯಂತ್ರದಲ್ಲಿರುವ ಪ್ರತಿಯೊಂದು ಕಡತವನ್ನೂ ತೆರೆದು ಓದಿ, ಮುಂದೆ ಹುಡುಕಿದಾಗ ಥಟ್ಟನೆ ತೆಗೆದುಕೊಡಲು ಅನುಕ್ರಮಣಿಕೆಯನ್ನು ಕಟ್ಟುತ್ತದೆ. ವೈರಸ್ ಕಾವಲುಗಾರ ಎಲ್ಲವನ್ನೂ ಮತ್ತೊಮ್ಮೆ ಮೂಸಿನೋಡುತ್ತಾನೆ. ಉಳಿದ ಪರಿಷ್ಕರಣೆಗಳು ಒಂದೊಂದಾಗಿ ಇಳಿದು ಬರುತ್ತವೆ. ಫೋಟೋಗಳು, ವಿನ್ಯಾಸಗಳು, ಲೆಕ್ಕದ ಹಾಳೆಗಳು ಎಷ್ಟು ಹೆಚ್ಚೋ ಅಷ್ಟು ದಿನ ಈ ಕೆಲಸ. ಕೆಲವು ಗಂಟೆಗಳಲ್ಲಿ ಮುಗಿಯುವುದುಂಟು, ಕೆಲವು ದಿನ ಹಿಡಿಯುವುದೂ ಉಂಟು. ಇದಕ್ಕೆ ಔಷಧವೆಂದರೆ ಯಂತ್ರಕ್ಕೆ ವಿದ್ಯುತ್ ಸಂಪರ್ಕ ಕೊಟ್ಟು, ಗಟ್ಟಿಯಾದ ಮೇಜಿನ ಮೇಲೆ ಒಂದೆರಡು ರಾತ್ರಿ ಅದರ ಪಾಡಿಗೆ ಬಿಡುವುದು. ಬಿಸಿಯಾಯಿತೆಂದು ಹೆದರಿ ಪದೇ ಪದೇ ಆರಿಸುವವರು ಆ ಕೆಲಸವನ್ನು ಮುಂದಕ್ಕೆ ತಳ್ಳುತ್ತಾರೆ, ಅಷ್ಟೆ.

ಇದು ಕೇವಲ ಊಹೆಯ ಮಾತಲ್ಲವೆಂಬುದಕ್ಕೆ ನಿದರ್ಶನವನ್ನು ಇದೇ ಜಿಲ್ಲೆಯ ಹೆಸರಿನೊಡನೆ ಈಗ ಬೆರೆತುಹೋಗಿರುವ ವಸ್ತುವೊಂದರಿಂದಲೇ ಕೊಡಬಹುದು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಸಂಸ್ಥೆ ಕಟ್ಟಿದ ಕಾರ್ಖಾನೆಯಲ್ಲಿ ೨೦೨೫ರಲ್ಲಿ ಐಫೋನುಗಳ ತಯಾರಿಕೆ ಆರಂಭವಾಯಿತು. ಚಕ್ಕೋತದ ಹಣ್ಣಿಗೂ ಟಿಪ್ಪುವಿನ ಜನ್ಮಸ್ಥಳವೆಂಬ ಖ್ಯಾತಿಗೂ ಹೆಸರಾದ ಊರಿಗೆ ಹೊಸದೊಂದು ಬಿರುದು ಬಂದಂತಾಯಿತು. ಅದಕ್ಕೆ ಎರಡು ವರ್ಷ ಮೊದಲು, ಬೇರೆಡೆ ತಯಾರಾಗಿ ೨೦೨೩ರ ಸೆಪ್ಟೆಂಬರ್ ೨೨ರಂದು ಮಾರುಕಟ್ಟೆಗೆ ಬಂದ ಐಫೋನ್ ೧೫ ಪ್ರೊ ಮಾದರಿಗಳ ಮೇಲೆ ದೂರುಗಳ ಸುರಿಮಳೆಯಾಗಿತ್ತು: ಕೈಯಲ್ಲಿ ಹಿಡಿಯಲಾರದಷ್ಟು ಬಿಸಿ! ಹೊಸದಾಗಿ ಬಳಸಿದ ಟೈಟೇನಿಯಂ ಲೋಹದ ಚೌಕಟ್ಟೇ ಕಾರಣವೆಂದು ಪಂಡಿತರು ಷರಾ ಬರೆದರು. ಆಪಲ್ ಸಂಸ್ಥೆ ಆ ತಿಂಗಳ ಕೊನೆಯಲ್ಲಿ ಕೊಟ್ಟ ವಿವರಣೆಯಲ್ಲಿ ಲೋಹದ ಮಾತನ್ನು ಅಲ್ಲಗಳೆಯಿತು. ಅದು ಹೇಳಿದ ಕಾರಣಗಳು ಮೂರು. ಹೊಸ ಫೋನು ಮೊದಲ ಕೆಲವು ದಿನ ಹಿನ್ನೆಲೆಯಲ್ಲಿ ಹೆಚ್ಚು ದುಡಿಯುತ್ತದೆ; ಐ.ಓ.ಎಸ್. ೧೭ ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯಲ್ಲಿ ಒಂದು ದೋಷವಿದೆ. ಇನ್‌ಸ್ಟಾಗ್ರಾಂ, ಊಬರ್‌ನಂಥ ಕೆಲವು ಅಪ್ಲಿಕೇಶನ್ನುಗಳ ಈಚಿನ ಆವೃತ್ತಿಗಳು ಪ್ರೊಸೆಸರಿನ ಮೇಲೆ ಅತಿಭಾರ ಹೇರುತ್ತಿವೆ. ಅಕ್ಟೋಬರ್ ೪ರಂದು ೧೭.೦.೩ ಎಂಬ ಪರಿಷ್ಕರಣೆ ಬಂದು ದೋಷ ತಿದ್ದಿತು. ಆ ಎರಡು ವಾರಗಳಲ್ಲಿ 'ಲೋಹ ಕೆಟ್ಟದ್ದು' ಎಂದು ಫೋನನ್ನೇ ದೂರಿದವರೆಲ್ಲ ಎಮ್ಮೆಗೆ ಬರೆ ಹಾಕಿದವರೇ.

ಎರಡನೆಯ ಬಗೆಯ ನಿದ್ರಾಭಂಗ ಇನ್ನೂ ಸೂಕ್ಷ್ಮವಾದುದು. ಅದರ ಅತ್ಯುತ್ತಮ ಉದಾಹರಣೆ ಫೋನಿನದಲ್ಲ, ಲ್ಯಾಪ್‌ಟಾಪಿನದೇ. ಮೈಕ್ರೋಸಾಫ್ಟಿನದೂ ಅಲ್ಲ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಲಿನಕ್ಸಿನದು. ೨೦೧೧ರಲ್ಲಿ ಬಂದ ಲಿನಕ್ಸಿನ ೨.೬.೩೮ನೆಯ ಆವೃತ್ತಿ ಆ ವರ್ಷದ ಏಪ್ರಿಲಿನಲ್ಲಿ ಉಬುಂಟು ೧೧.೦೪ರ ಜೊತೆಗೆ ಲೋಕದ ಅಸಂಖ್ಯ ಲ್ಯಾಪ್‌ಟಾಪುಗಳನ್ನು ಹೊಕ್ಕಿತು. ಹೊಕ್ಕ ಬಳಿಕ ಹಲವು ಯಂತ್ರಗಳಲ್ಲಿ ಬ್ಯಾಟರಿ ಬೇಗ ಬರಿದಾಗತೊಡಗಿತು. ಮೈಕೇಲ್ ಲರಾಬೆಲ್ ಎಂಬವರು ಆವೃತ್ತಿಯ ಮೇಲೆ ಆವೃತ್ತಿಯನ್ನಿಟ್ಟು ಅಳೆಯುತ್ತ ಹೋಗಿ ಜೂನಿನಲ್ಲಿ ಕಳ್ಳನನ್ನು ಹಿಡಿದರು. ಯಂತ್ರದೊಳಗೆ ಬಿಡಿಭಾಗಗಳನ್ನು ಒಂದಕ್ಕೊಂದು ಸೇರಿಸುವ ಒಳದಾರಿಗಳಿರುತ್ತವೆ. ಸಂಚಾರವಿಲ್ಲದಾಗ ಅವೂ ಮಲಗಬೇಕು. ಆದರೆ ಎಷ್ಟೋ ಲ್ಯಾಪ್‌ಟಾಪುಗಳ ಮೂಲತಂತ್ರಾಂಶ 'ಇಲ್ಲಿ ಮಲಗುವ ಸೌಕರ್ಯವಿಲ್ಲ' ಎಂದು ತಪ್ಪು ಮಾಹಿತಿ ಕೊಡುತ್ತಿತ್ತು. ಹೊಸ ಆವೃತ್ತಿ ಪಾಪ, ಅದನ್ನು ಅಕ್ಷರಶಃ ನಂಬಿ, ಹಾಯಾಗಿ ಮಲಗಿದ್ದ ದಾರಿಗಳನ್ನೂ ಎಬ್ಬಿಸಿಬಿಟ್ಟಿತು. ಆ ವರ್ಷದ ಕೊನೆಯ ಭಾಗದಲ್ಲಿ ಮ್ಯಾಥ್ಯೂ ಗ್ಯಾರೆಟ್ ಎಂಬ ತಂತ್ರಜ್ಞರು ತಿದ್ದುಪಡಿ ಬರೆದ ಮೇಲೆ ಪರಿಹಾರ ದೊರೆಯಿತು. ಯಂತ್ರದಲ್ಲಿ ಒಂದು ಮೊಳೆಯೂ ಬದಲಾಗಲಿಲ್ಲ.

ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ೧೮೦೪ರಲ್ಲಿ ರೂಪಿಸಿದ, ತೂತು ಹೊಡೆದ ರಟ್ಟುಗಳ ಏರ್ಪಾಟು ದೊಡ್ಡಬಳ್ಳಾಪುರದ ಸೀರೆಗಳಲ್ಲಿ ಬುಟ್ಟಾಗಳನ್ನು ಅರಳಿಸಿದೆ. ಅದೇ ರಟ್ಟುಗಳ ಉಪಾಯವನ್ನು ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರದ ಯೋಜನೆಗೆ ಎರವಲು ಪಡೆದರು. ಆ ದೃಷ್ಟಿಯಿಂದ ಮಗ್ಗವೇ ಕಂಪ್ಯೂಟರಿಗೆ ಹಿರಿಯಕ್ಕ. ಮಗ್ಗ ಅದೇ, ಮೋಟಾರು ಅದೇ, ಹಾಸು ಅದೇ. ರಟ್ಟಿನ ಸರವೊಂದನ್ನು ಬದಲಿಸಿದರೆ ಸೀರೆಯೇ ಬೇರೆ. ಕಾರ್ಯಾಚರಣ ವ್ಯವಸ್ಥೆಯೆಂದರೆ ಯಂತ್ರದ ರಟ್ಟಿನ ಸರ. ಹೊಸ ಸರ ಪ್ರತಿ ಹೊಕ್ಕಿಗೂ ಹೆಚ್ಚು ಎಳೆಗಳನ್ನು ಎತ್ತಿಸುವಂಥದಾದರೆ ಮಗ್ಗಕ್ಕೆ ದುಡಿಮೆ ಹೆಚ್ಚು. ಮೋಟಾರು ಬಿಸಿಯಾಯಿತೆಂದು ಮಗ್ಗವನ್ನೇ ಗುಜರಿಗೆ ಹಾಕುವ ನೇಕಾರ ಎಲ್ಲಿಯೂ ಇಲ್ಲ. ಅವನು ಮೊದಲು ಸರವನ್ನು ನೋಡುತ್ತಾನೆ, ಆಮೇಲೆ ಎಣ್ಣೆಯನ್ನು.

ಈ ಸರದಲ್ಲಿ ತಪ್ಪು ರಟ್ಟು ಸೇರುವುದು ಹೆಚ್ಚಾಗಿ ಡ್ರೈವರ್‌ಗಳೆಂಬ ಸಣ್ಣ ತಂತ್ರಾಂಶಗಳಲ್ಲಿ. ಪ್ರತಿಯೊಂದು ಭಾಗವನ್ನೂ ನಡೆಸುವ ಸಾರಥಿಗಳು ಇವು. ವ್ಯವಸ್ಥೆ ಬದಲಾದಾಗ ಚಿತ್ರ ಬಿಡಿಸುವ ಭಾಗಕ್ಕೆ ಸರಿಯಾದ ಸಾರಥಿ ಸಿಕ್ಕದಿದ್ದರೆ ವಿಂಡೋಸು ತಾತ್ಕಾಲಿಕವಾಗಿ ಸಾಮಾನ್ಯ ಸಾರಥಿಯೊಬ್ಬನನ್ನು ಕೂರಿಸುತ್ತದೆ. ಆಗ ಚಿತ್ರದ ಕೆಲಸವೂ ಪ್ರೊಸೆಸರಿನ ತಲೆಯ ಮೇಲೆಯೇ ಬೀಳುತ್ತದೆ. ಸೀರೆಯ ಸೆರಗನ್ನು ದೊಡ್ಡದು ಮಾಡಿ ನೋಡಿದೊಡನೆ ಫ್ಯಾನು ಕೂಗುತ್ತದೆ. ಫ್ಯಾನಿನ ವೇಗವನ್ನೂ ಕಾವಿನ ಮಿತಿಯನ್ನೂ ನಿಯಂತ್ರಿಸುವ ತಂತ್ರಾಂಶಗಳೂ ಹೀಗೆಯೇ ಹಳೆಯವಾಗಿ ಉಳಿಯಬಹುದು. ಇವುಗಳ ಹೊಸ ಪ್ರತಿಗಳನ್ನು ಲ್ಯಾಪ್‌ಟಾಪು ತಯಾರಿಸಿದ ಸಂಸ್ಥೆಯಿಂದಲೇ, ಯಂತ್ರದ ಅಡಿಯಲ್ಲಿ ಬರೆದಿರುವ ಮಾದರಿಯ ಸಂಖ್ಯೆಯನ್ನು ಕೊಟ್ಟು ಪಡೆಯಬೇಕು. 'ಒಂದೇ ಒತ್ತಿಗೆ ಎಲ್ಲ ಡ್ರೈವರ್', 'ಕಂಪ್ಯೂಟರ್ ಸ್ವಚ್ಛಕ', 'ವೇಗವರ್ಧಕ' ಎಂದು ಬಣ್ಣದ ಹೆಸರು ಹೊತ್ತು ಬರುವ ಔಷಧಗಳು ಸಂತೆಯ ಲೇಹ್ಯಗಳಿದ್ದಂತೆ. ಅವು ತಾವೇ ಹಿನ್ನೆಲೆಯಲ್ಲಿ ಕುಳಿತು ಇನ್ನಷ್ಟು ನಿದ್ರೆಗೆಡಿಸುತ್ತವೆ.

ಇಷ್ಟಾದರೂ ಬಿಸಿ ತಗ್ಗದಿದ್ದರೆ? ಆಗ ಎತ್ತಿನ ಕೊಟ್ಟಿಗೆಯನ್ನೇ ನೋಡಬೇಕು. ದೊಡ್ಡಬಳ್ಳಾಪುರದಂಥ ಊರಿನಲ್ಲಂತೂ ಇದನ್ನೇ ಮೊದಲು ನೋಡುವುದು ಲೇಸು.

ಲ್ಯಾಪ್‌ಟಾಪಿನೊಳಗೆ ಕಾವನ್ನು ಹೊರಸಾಗಿಸುವ ಏರ್ಪಾಟು ಬಹು ಸೊಗಸಾದದ್ದು. ಪ್ರೊಸೆಸರಿನ ನೆತ್ತಿಯ ಮೇಲೆ ತಾಮ್ರದ ಚಪ್ಪಟೆ ಕೊಳವೆಯೊಂದು ಕುಳಿತಿರುತ್ತದೆ. ಅದರೊಳಗೆ, ಗಾಳಿ ತೆಗೆದ ಜಾಗದಲ್ಲಿ, ತೊಟ್ಟು ನೀರು. ಒತ್ತಡ ಕಡಿಮೆಯಿರುವುದರಿಂದ ಆ ನೀರು ನೂರು ಡಿಗ್ರಿಗಿಂತ ಬಹಳ ಕೆಳಗೇ ಆವಿಯಾಗಿ, ಕೊಳವೆಯ ಇನ್ನೊಂದು ತುದಿಗೆ ಓಡಿ, ಅಲ್ಲಿ ತಣಿದು ಮತ್ತೆ ನೀರಾಗಿ ಹಿಂದಿರುಗುತ್ತದೆ. ಇಡ್ಲಿಯ ಪಾತ್ರೆಯ ಮುಚ್ಚಳದಲ್ಲಿ ಆವಿ ಹನಿಯಾಗಿ ಬೀಳುವುದನ್ನು ನೋಡಿದ ಪ್ರತಿಯೊಬ್ಬ ಗೃಹಿಣಿಗೂ ಈ ತತ್ವ ಪರಿಚಿತ. ಆ ತುದಿಯಲ್ಲಿ ಲೋಹದ ತೆಳುವಾದ ರೆಕ್ಕೆಗಳ ಸಾಲು; ರೆಕ್ಕೆಗಳ ನಡುವೆ ಫ್ಯಾನು ಗಾಳಿಯನ್ನು ತಳ್ಳುತ್ತದೆ. ರೆಕ್ಕೆಗೂ ರೆಕ್ಕೆಗೂ ನಡುವಣ ಸಂದು ಒಂದು ಮಿಲಿಮೀಟರಿನ ಆಸುಪಾಸು.

ಮಗ್ಗದ ಮನೆಯ ಗಾಳಿಯಲ್ಲಿ ಕಣ್ಣಿಗೆ ಕಾಣದ ನವಿರು ಎಳೆಗಳು ತೇಲುತ್ತಿರುತ್ತವೆ. ನೆಲಮಂಗಲದ ಹೆದ್ದಾರಿಯ ಮಗ್ಗುಲಿನ ಮನೆಯಲ್ಲಿ ಅದು ಮಣ್ಣಿನ ಧೂಳು; ಮಣ್ಣು ಸಂದಿನಲ್ಲಿ ನುಸುಳಿ ಹೊರಬಿದ್ದರೂ ಬಿದ್ದೀತು. ಎಳೆ ಹಾಗಲ್ಲ. ಅದು ರೆಕ್ಕೆಗಳ ಬಾಯಿಗೆ ಅಡ್ಡಲಾಗಿ ಮಲಗುತ್ತದೆ. ಅದರ ಮೇಲೆ ಇನ್ನೊಂದು, ಅದಕ್ಕೆ ಅಡ್ಡಲಾಗಿ ಮತ್ತೊಂದು. ಎರಡು ಮೂರು ವರ್ಷಗಳಲ್ಲಿ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯ ತುಂಡೊಂದು ತಾನಾಗಿಯೇ ಸಿದ್ಧವಾಗಿರುತ್ತದೆ: ಮಗ್ಗವಿಲ್ಲದೆ ನೆಯ್ದ ಬಟ್ಟೆ! ಹಳೆಯ ವ್ಯವಸ್ಥೆಯ ಹಗುರ ಕೆಲಸಕ್ಕೆ ಅಳಿದುಳಿದ ಗಾಳಿಯೇ ಸಾಲುತ್ತಿತ್ತು. ಹೊಸ ವ್ಯವಸ್ಥೆ ಕೆಲಸವನ್ನು ತುಸು ಹೆಚ್ಚಿಸಿದ್ದೇ ತಡ, ಸಾಲದಾಯಿತು. ರೋಗ ಹಳೆಯದು, ಹೊಸದು ಬೆನ್ನಿಗೆ ಬಿದ್ದ ಭಾರ ಮಾತ್ರ. ವ್ಯವಸ್ಥೆಯನ್ನು ಬದಲಿಸಿದ ಮರುದಿನವೇ ಬಿಸಿ ಕಂಡದ್ದರಿಂದ ಎಲ್ಲ ದೋಷವೂ ವ್ಯವಸ್ಥೆಯದೇ ಎಂದು ತೋರುವುದು ಸಹಜ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಬಯಲುಸೀಮೆಯ ಏಪ್ರಿಲ್ ತಿಂಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫ್ಯಾನು ಎಷ್ಟು ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ೩೫ ಡಿಗ್ರಿ ಇದ್ದರೆ ಯಂತ್ರದ ಲೆಕ್ಕ ಅಲ್ಲಿಂದಲೇ ಆರಂಭ. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದ ಈ ನಾಡಿನಲ್ಲಿ ಗಾಳಿಯೂ ಕರಾವಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ಫ್ಯಾನು ಒಂದು ಸುತ್ತಿಗೆ ಹೊರುವ ಕಾವೂ ಅಷ್ಟು ಕಡಿಮೆ. ಮಂಗಳೂರಿನವರು ಸೆಖೆಯೆಂದು ನಮ್ಮ ಊರಿನ ಹವೆಯನ್ನು ಹೊಗಳುವಾಗ ಲ್ಯಾಪ್‌ಟಾಪಿನ ಅಭಿಪ್ರಾಯವನ್ನು ಕೇಳಿರಲಾರರು. ಇನ್ನು ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಓದುವ ಮಕ್ಕಳು ಯಂತ್ರದ ಅಡಿಯ ಮೂಗನ್ನೇ ಮುಚ್ಚಿದಂತೆ. ಒದ್ದೆ ಬಟ್ಟೆಯ ಮೇಲೆ ಇಡುವ ಉಪಾಯವಂತೂ ಕನಸಿನಲ್ಲಿಯೂ ಬೇಡ.

ಹಾಗಾದರೆ ಆ ನೇಕಾರ ಯಜಮಾನರು ಅಂಗಡಿಗೆ ಹೋಗುವ ಮೊದಲು ಏನು ಮಾಡಬಹುದಿತ್ತು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಹಾಜರಿ ಪುಸ್ತಕ ತೆರೆಯುತ್ತದೆ. ಯಾವ ಕೆಲಸ ಪ್ರೊಸೆಸರಿನ ಎಷ್ಟು ಪಾಲನ್ನು ತಿನ್ನುತ್ತಿದೆಯೆಂಬುದು ಅಲ್ಲಿ ನೂರಕ್ಕಿಷ್ಟೆಂದು ಬರೆದಿರುತ್ತದೆ. 'ಸಿ.ಪಿ.ಯು.' ಎಂಬ ಶೀರ್ಷಿಕೆಯ ಮೇಲೆ ಒತ್ತಿದರೆ ದೊಡ್ಡ ಹೊಟ್ಟೆಯವನೇ ಮೇಲಕ್ಕೆ ಬರುತ್ತಾನೆ. ಹುಡುಕಾಟದ ಅನುಕ್ರಮಣಿಕೆಯೋ ವೈರಸ್ ಕಾವಲೋ ಆಗಿದ್ದರೆ ಕಾಯಬೇಕು. ಕರೆಯದೆ ಬಂದು ಕುಳಿತ ಅಪ್ಲಿಕೇಶನ್ನಾದರೆ ತೆಗೆದುಹಾಕಬೇಕು. ಎಲ್ಲರೂ ಒಂದು ಎರಡು ಎಂದು ವಿಧೇಯರಾಗಿ ಕುಳಿತಿದ್ದೂ ಯಂತ್ರ ಕಾಯುತ್ತಿದ್ದರೆ, ಆಗ ಕಂಬಳಿಯ ಸಂಶಯ ಬಲವಾಗುತ್ತದೆ. ವಿದ್ಯುತ್ ಬಳಕೆಯ ಕ್ರಮ ಹೊಸ ವ್ಯವಸ್ಥೆಯಲ್ಲಿ ಗರಿಷ್ಠ ಸಾಮರ್ಥ್ಯಕ್ಕೆ ತಿರುಗಿದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿ, ಸಮತೋಲಕ್ಕೆ ತರಬೇಕು. ಆ ಎಪ್ಪತ್ತು ಪಾಲಿನ ದುಂದು ಅರ್ಧ ನಿಮಿಷದ ಕೆಲಸದಿಂದ ತಪ್ಪುತ್ತದೆ.

ಇನ್ನೊಂದು ಸಂಗತಿಯನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ವಿಂಡೋಸ್ ೧೧ಕ್ಕೆ ದಾಟಿದ ಬಳಿಕ ಹತ್ತು ದಿನಗಳವರೆಗೆ ಹಳೆಯ ವ್ಯವಸ್ಥೆಯನ್ನು ಯಂತ್ರ ಕಟ್ಟಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಿಂದ ಹಿಂದಿರುಗಬಹುದು. ಹನ್ನೊಂದನೆಯ ದಿನ ಆ ಬಾಗಿಲು ಮುಚ್ಚುತ್ತದೆ, ಹಳೆಯ ಗಂಟನ್ನು ಯಂತ್ರ ತಾನೇ ಅಳಿಸಿಹಾಕುತ್ತದೆ. ಇದನ್ನು ಪರದೆಯ ಮೇಲೆ ಆ ಮೊದಲಿನ ವಿನಯದಿಂದಲೇ ದೊಡ್ಡ ಅಕ್ಷರದಲ್ಲಿ ಹೇಳಬಹುದಿತ್ತು, ಹೇಳುವುದಿಲ್ಲ. ಹೊಸದಕ್ಕೆ ಕರೆಯುವಾಗಿನ ಉತ್ಸಾಹ ಹಿಂದಿರುಗುವ ದಾರಿ ತೋರಿಸುವಾಗ ದೊಡ್ಡ ಸಂಸ್ಥೆಗಳಲ್ಲಿ ಎಂದೂ ಕಾಣುವುದಿಲ್ಲ. ಹಿಂದಿರುಗಿದವರು ರಕ್ಷಣಾ ಪರಿಷ್ಕರಣೆಯ ನೋಂದಣಿಯನ್ನು ಮರೆಯಬಾರದೆಂಬುದು ಬೇರೆ ಮಾತು. ಹಳೆಯ ವ್ಯವಸ್ಥೆ ತಂಪಾಗಿದೆಯೆಂದು ಕಾವಲಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಸೆಖೆಯೆಂದು ಬಾಗಿಲು ತೆರೆದಿಟ್ಟು ಮಲಗಿದಂತೆ. ವಿನ್ಯಾಸಕ್ಕೆ ಮಾತ್ರ ಬಳಸುವ ಹಳೆಯ ಯಂತ್ರವಾದರೆ ಇಂಟರ್‌ನೆಟ್ಟಿನ ಸಂಪರ್ಕವನ್ನೇ ಕಡಿದು ಹಳೆಯ ವ್ಯವಸ್ಥೆಯಲ್ಲಿಯೇ ಇಟ್ಟುಕೊಳ್ಳುವವರಿದ್ದಾರೆ; ಅದು ಮೂರ್ಖತನವಲ್ಲ.

ಬಿಸಿಯಿಂದ ಪ್ರೊಸೆಸರು ಸುಟ್ಟುಹೋಗುವುದೆಂಬ ಭಯ ಬಹುಮಟ್ಟಿಗೆ ಅನಗತ್ಯ. ನೂರು ಡಿಗ್ರಿಯ ಹತ್ತಿರಕ್ಕೆ ಬಂದೊಡನೆ ಅದು ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಮೀರಿದರೆ ಯಂತ್ರವೇ ಆರಿಹೋಗುತ್ತದೆ. ನಿಜವಾಗಿ ನರಳುವುದು ಪಕ್ಕದಲ್ಲಿ ಮಾತಿಲ್ಲದೆ ಕುಳಿತ ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿ ಕಾವಿನಲ್ಲಿ ಬೇಗ ಮುದಿಯಾಗುತ್ತದೆ. ಸದಾ ಪೂರ್ತಿ ತುಂಬಿಸಿಟ್ಟಾಗ ಇನ್ನೂ ಬೇಗ. ಬೆರಳಾಡಿಸುವ ಪಟ್ಟಿ ಉಬ್ಬಿದ್ದರೆ, ಯಂತ್ರದ ಅಡಿ ಮೇಜಿನ ಮೇಲೆ ಸಮವಾಗಿ ಕೂರದೆ ತೊನೆದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ, ಬ್ಯಾಟರಿ ಊದಿದೆ ಎಂದೇ ತಿಳಿಯಬೇಕು. ಆಗ ಮೇಲೆ ಹೇಳಿದ ಸಮಾಧಾನಗಳೊಂದೂ ಸಲ್ಲವು. ಒಡನೆಯೇ ಆರಿಸಿ, ಚಾರ್ಜರನ್ನು ಕಿತ್ತು, ನೂಲಿನ ಉಂಡೆಗಳಿಂದಲೂ ಬಟ್ಟೆಯ ಮೂಟೆಗಳಿಂದಲೂ ದೂರವಿರಿಸಬೇಕು. ಚುಚ್ಚಿ ಗಾಳಿ ತೆಗೆಯುವ ಸಾಹಸ ಪ್ರಾಣಕ್ಕೆ ಅಪಾಯ. ಅದನ್ನು ಬದಲಿಸುವ ಕೆಲಸ ಬಲ್ಲವರದು.

ಊದದಿದ್ದರೆ, ರಿಪೇರಿಯವನ ಮುಂದೆ ಇಡಬೇಕಾದ ಬೇಡಿಕೆ ಚಿಕ್ಕದು. 'ಬೋರ್ಡು ನೋಡಿ' ಎನ್ನಬಾರದು. 'ಅಡಿಯ ಮುಚ್ಚಳ ಬಿಚ್ಚಿ, ಫ್ಯಾನಿನ ಬಾಯಿ ನಮ್ಮೆದುರಿಗೇ ತೋರಿಸಿ' ಎನ್ನಬೇಕು. ಬ್ಲೋಯರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆಹಿಡಿಯಲು ಹೇಳಬೇಕು. ಬಿಟ್ಟರೆ ಅದು ಮಿತಿಮೀರಿ ಸುತ್ತಿ ಬೇರಿಂಗು ಕೆಡಬಹುದು. ಎಳೆಯ ಕಂಬಳಿ ಗಾಳಿಗೆ ಹೋಗದು, ಚಿಮುಟದಿಂದಲೇ ಎತ್ತಬೇಕಾದೀತು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಹಚ್ಚಿದ ಲೇಪ ನಾಲ್ಕೈದು ವರ್ಷದಲ್ಲಿ ಒಣಗಿ ಹಕ್ಕಳೆಯಾಗಿದ್ದರೆ ಹೊಸದಾಗಿ ಹಚ್ಚಿಸಬೇಕು. ಇವೆಲ್ಲಕ್ಕೂ ಹಿಡಿಯುವ ಹೊತ್ತು ಒಂದು ಗಂಟೆಯ ಸುಮಾರು. ತಗಲುವ ಖರ್ಚು ಹೊಸ ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಮರಳಿ ತಂದ ಮೇಲೆ ಲ್ಯಾಪ್‌ಟಾಪನ್ನು ಮಗ್ಗವಿರುವ ಕಡೆಗೆ ಬೆನ್ನು ಮಾಡಿ ಇಡದೆ, ಬೀದಿಯ ಕಿಟಕಿಯ ಕಡೆಯ ಮೇಜಿಗೆ ಸ್ಥಳಾಂತರಿಸಿ, ಆಯುಧಪೂಜೆಗೆ ಮಗ್ಗದ ಮೈ ಒರೆಸಿ ಎಣ್ಣೆ ಬಿಡುವ ದಿನವೇ ಅದರ ಹೊಟ್ಟೆಯನ್ನೂ ಒಮ್ಮೆ ಬಿಚ್ಚಿಸಿ ನೋಡುವುದು ಒಳ್ಳೆಯದು.